ಲೇಆಫ್ ಆದಾಗ ಕೊಡುವ ಹಣವನ್ನು ಯಾರು, ಹೇಗೆ ಲೆಕ್ಕ ಹಾಕುತ್ತಾರೆ?

ಲೇಆಫ್ ಸುದ್ದಿ ಬಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ ಒಂದೇ: "ಎಷ್ಟು ತಿಂಗಳ ಸಂಬಳ ಕೊಡ್ತಾರಂತೆ?" ಸಹಜವಾದ ಪ್ರಶ್ನೆ. ಮನೆ ನಡೆಯಬೇಕು, ಸಾಲದ ಕಂತು ಕಟ್ಟಬೇಕು, ಮುಂದಿನ ಕೆಲಸ ಯಾವಾಗ ಸಿಗುತ್ತದೋ ಗೊತ್ತಿಲ್ಲ. ಆದರೂ ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಕೊಡ್ತೀವಿ ಅನ್ನುತ್ತಿರುವ ಹಣದಲ್ಲಿ ಈಗಾಗಲೇ ನಿಮ್ಮದೇ ಆಗಿರುವುದು ಎಷ್ಟು? ನಿಮ್ಮ ಸಹಿಗೆ ಬದಲಾಗಿ ಹೊಸದಾಗಿ ಕೊಡುತ್ತಿರುವುದು ಎಷ್ಟು? ಇವತ್ತು ನಾನು ಹೇಳುವುದೆಲ್ಲ ಈ ಎರಡನ್ನು ಬೇರೆ ಮಾಡಿ ನೋಡುವುದರ ಬಗ್ಗೆಯೇ.

ನಾನು ಬಹಳ ವರ್ಷ ಎಚ್‌ಆರ್ ಕಡೆ, ಸಂಬಳ ಭತ್ಯೆಗಳ ಲೆಕ್ಕ ನೋಡುವ ಜಾಗದಲ್ಲಿ ಕೆಲಸ ಮಾಡಿದವನು. ಲೇಆಫ್ ಪಟ್ಟಿಗಳು ತಯಾರಾಗುವ ಕೋಣೆಯಲ್ಲಿ ಕೂತವನು. ಅಲ್ಲಿ ವಾರಗಟ್ಟಲೆ ತಯಾರಿ ನಡೆಯುತ್ತದೆ. ವಕೀಲರು ಇರುತ್ತಾರೆ, ಫೈನಾನ್ಸ್‌ನವರು ಇರುತ್ತಾರೆ, ಯಾರು ಏನು ಕೇಳಬಹುದು, ಅದಕ್ಕೆ ಏನು ಉತ್ತರ ಕೊಡಬೇಕು ಎಂಬುದನ್ನೂ ಬರೆದಿಟ್ಟಿರುತ್ತಾರೆ. ಕೆಲಸ ಕಳೆದುಕೊಳ್ಳುವವರಿಗೆ ಸಿಗುವುದು ಒಂದು ಸಣ್ಣ ವಿಡಿಯೋ ಕಾಲ್. ಅದರಲ್ಲಿ ಅರ್ಧ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಿರುವುದಿಲ್ಲ. ಒಂದು ಕಡೆಯವರಿಗೆ ಎಲ್ಲ ಗೊತ್ತು, ಇನ್ನೊಂದು ಕಡೆಯವರಿಗೆ ಏನೂ ಗೊತ್ತಿಲ್ಲ. ಇದು ನನಗೆ ಸರಿ ಅನ್ನಿಸುವುದಿಲ್ಲ. ಆ ಕೋಣೆಯಲ್ಲಿ ನಡೆಯುವ ಲೆಕ್ಕ ಹೊರಗಿನವರಿಗೂ ತಿಳಿಯಬೇಕು.

ಮೊದಲು, ಈಗಾಗಲೇ ನಿಮ್ಮದಾಗಿರುವ ಹಣ. ಕೊನೆಯ ದಿನದವರೆಗಿನ ಸಂಬಳ. ಒಪ್ಪಂದದಲ್ಲಿರುವ ನೋಟಿಸ್ ಅವಧಿಯ ಸಂಬಳ. ಹಣವಾಗಿ ಸಿಗುತ್ತದೆ ಎಂದು ನಿಯಮ ಇದ್ದರೆ ಉಳಿದ ರಜೆಯ ದುಡ್ಡು. ನೀವು ಕೈಯಿಂದ ಖರ್ಚು ಮಾಡಿ ಬಿಲ್ ಹಾಕಿದ್ದು. ವೆಸ್ಟ್ ಆಗಿರುವ, ಅಂದರೆ ಕಾಯಬೇಕಾದ ಅವಧಿ ಮುಗಿದು ಪೂರ್ತಿ ನಿಮ್ಮದಾಗಿರುವ ಕಂಪನಿ ಷೇರು. ಪಿಎಫ್, ಅರ್ಹತೆ ಇದ್ದರೆ ಗ್ರಾಚ್ಯುಟಿ. ಕಾನೂನು ಕೊಡಲೇಬೇಕು ಅನ್ನುವ ಪರಿಹಾರ. ಇವು ಯಾವುದಕ್ಕೂ ನೀವು ಹೊಸದಾಗಿ ಏನನ್ನೂ ಬಿಟ್ಟುಕೊಡಬೇಕಾಗಿಲ್ಲ. ಕಂಪನಿ ಮಾಡಿಸಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕದೆ ಎದ್ದು ಬಂದರೂ ಇವು ಬರಬೇಕು.

ಆದರೆ ಕೈಗೆ ಕೊಡುವ ಕಾಗದದಲ್ಲಿ ಇವನ್ನೆಲ್ಲ ಒಟ್ಟಿಗೆ ಕೂಡಿಸಿ, ಕೆಳಗೆ ಒಂದು ದೊಡ್ಡ ಮೊತ್ತ ಬರೆದಿರುತ್ತಾರೆ. ಆರು ತಿಂಗಳ ಸಂಬಳದಷ್ಟು ಕಾಣುತ್ತದೆ. ಬಿಡಿಸಿ ನೋಡಿದರೆ ಎರಡು ತಿಂಗಳು ನೋಟಿಸ್‌ನದ್ದು, ಒಂದು ತಿಂಗಳು ರಜೆಯದ್ದು, ಒಂದೂವರೆ ತಿಂಗಳು ಕಾನೂನಿನದ್ದು. ಕಂಪನಿ ತನ್ನದಾಗಿ ಸೇರಿಸಿದ್ದು ಒಂದೂವರೆ ತಿಂಗಳು ಮಾತ್ರ. ನಿಮ್ಮ ಸಹಿಗೆ ಬಂದಿರುವ ಬೆಲೆ ಅಷ್ಟೇ, ಆರು ತಿಂಗಳಲ್ಲ. ಕಾಗದ ಸಿಕ್ಕ ಕೂಡಲೇ ಮಾಡಬೇಕಾದ ಮೊದಲ ಕೆಲಸ ಈ ವಿಂಗಡಣೆ.

ಕಾನೂನು ಕೊಡಲೇಬೇಕು ಅನ್ನುವುದು ಎಷ್ಟು? ಅದು ನೀವು ಯಾವ ದೇಶದ ಒಪ್ಪಂದದಲ್ಲಿ ಕೆಲಸ ಮಾಡುತ್ತಿದ್ದೀರಿ ಎಂಬುದರ ಮೇಲೆ ನಿಂತಿದೆ. ಒಂದೇ ಬಹುರಾಷ್ಟ್ರೀಯ ಕಂಪನಿಯಲ್ಲಿ, ಒಂದೇ ತಂಡದಲ್ಲಿ, ಒಂದೇ ದಿನ ಕೆಲಸ ಕಳೆದುಕೊಂಡ ಇಬ್ಬರಿಗೆ ಬೇರೆ ಬೇರೆ ಮೊತ್ತ ಬರುವುದು ಇದಕ್ಕೇ.

35 ವರ್ಷದ ಒಬ್ಬರನ್ನು ಇಟ್ಟುಕೊಳ್ಳೋಣ. ಸರಿಯಾಗಿ 8 ವರ್ಷ ಸೇವೆ ಆಗಿದೆ. ತಪ್ಪೇನೂ ಮಾಡಿಲ್ಲ, ಹುದ್ದೆಯೇ ಬೇಡ ಎಂದು ತೆಗೆಯುತ್ತಿದ್ದಾರೆ. ಇವರು ಬ್ರಿಟನ್‌ನಲ್ಲಿದ್ದರೆ ಕಾನೂನಿನ ಪ್ರಕಾರ 8 ವಾರದ ಸಂಬಳ. ಅಲ್ಲಿ 22ರಿಂದ 40 ವಯಸ್ಸಿನ ನಡುವೆ ದುಡಿದ ಪ್ರತಿ ವರ್ಷಕ್ಕೆ ಒಂದು ವಾರ, 22ಕ್ಕಿಂತ ಮೊದಲಿನ ವರ್ಷಕ್ಕೆ ಅರ್ಧ ವಾರ, 41ರ ನಂತರದ ವರ್ಷಕ್ಕೆ ಒಂದೂವರೆ ವಾರ. ಕನಿಷ್ಠ 2 ವರ್ಷ ಸೇವೆ ಆಗಿರಬೇಕು, 20 ವರ್ಷಕ್ಕಿಂತ ಹೆಚ್ಚು ಲೆಕ್ಕಕ್ಕಿಲ್ಲ. ವಾರದ ಸಂಬಳಕ್ಕೂ ಸರ್ಕಾರ ಒಂದು ಮಿತಿ ಹಾಕಿದೆ. ಹಾಗಾಗಿ ದೊಡ್ಡ ಸಂಬಳದವರಿಗೆ ಈ 8 ವಾರ ನಿಜವಾದ 8 ವಾರದ ಸಂಬಳ ಆಗಿರುವುದಿಲ್ಲ.

ಅದೇ ವ್ಯಕ್ತಿ ಫ್ರಾನ್ಸ್‌ನಲ್ಲಿದ್ದರೆ 2 ತಿಂಗಳ ಸಂಬಳ. ಮೊದಲ 10 ವರ್ಷದವರೆಗೆ ವರ್ಷಕ್ಕೆ ಕಾಲು ತಿಂಗಳು ಎಂಬುದು ಅಲ್ಲಿನ ಲೆಕ್ಕ. ಸ್ಪೇನ್‌ನಲ್ಲಿದ್ದರೆ ವರ್ಷಕ್ಕೆ 20 ದಿನದಂತೆ 160 ದಿನದ ಸಂಬಳ. ಅಲ್ಲಿ ಗರಿಷ್ಠ 12 ತಿಂಗಳು. ಚೀನಾದಲ್ಲಿದ್ದರೆ ವರ್ಷಕ್ಕೆ ಒಂದು ತಿಂಗಳಂತೆ 8 ತಿಂಗಳು. ಆದರೆ ಸಂಬಳ ಆ ಊರಿನ ಸರಾಸರಿಯ ಮೂರು ಪಟ್ಟು ದಾಟಿದ್ದರೆ ಆ ಮೂರು ಪಟ್ಟನ್ನೇ ಸಂಬಳ ಎಂದು ಹಿಡಿಯುತ್ತಾರೆ, 12 ವರ್ಷಕ್ಕಿಂತ ಹೆಚ್ಚು ಎಣಿಸುವುದಿಲ್ಲ. ಭಾರತದಲ್ಲಿ, ಕಾನೂನಿನ ದೃಷ್ಟಿಯಲ್ಲಿ ಕಾರ್ಮಿಕ ಎನಿಸಿಕೊಂಡವರಿಗೆ ವರ್ಷಕ್ಕೆ 15 ದಿನದ ಸರಾಸರಿ ವೇತನ, ಅಂದರೆ 120 ದಿನ. 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ಸೇರಿದ ಈ ಲೆಕ್ಕ 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಮುಂದುವರಿದಿದೆ. ಆದರೆ ಮ್ಯಾನೇಜರ್ ಕೆಲಸ ಮಾಡುವವರು ಇದರೊಳಗೆ ಬರುವುದಿಲ್ಲ. ಅವರ ಪಾಲಿಗೆ ಒಪ್ಪಂದದಲ್ಲಿ ಏನು ಬರೆದಿದೆಯೋ ಅದೇ.

ಇನ್ನು ಅಮೆರಿಕ. ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಈ ವ್ಯಕ್ತಿಗೆ ಸಿಗಬೇಕಾದ ಸೆವೆರೆನ್ಸ್, ಅಂದರೆ ಕೆಲಸದಿಂದ ತೆಗೆದದ್ದಕ್ಕೆ ಕೊಡುವ ಹಣ, ಸೊನ್ನೆ. ಕೇಳಿದವರಿಗೆ ಆಶ್ಚರ್ಯವಾಗುತ್ತದೆ, ಯಾಕೆಂದರೆ ದೊಡ್ಡ ದೊಡ್ಡ ಪ್ಯಾಕೇಜ್‌ಗಳ ಸುದ್ದಿ ಬರುವುದೇ ಅಲ್ಲಿಂದ. ಅಲ್ಲಿ ಇರುವುದು 1988ರ ವಾರ್ನ್ ಕಾಯ್ದೆ. 100 ಅಥವಾ ಹೆಚ್ಚು ನೌಕರರಿರುವ ಕಂಪನಿ ದೊಡ್ಡ ಸಂಖ್ಯೆಯಲ್ಲಿ ತೆಗೆಯುವುದಾದರೆ 60 ದಿನ ಮೊದಲು ತಿಳಿಸಬೇಕು ಅನ್ನುತ್ತದೆ. ತಿಳಿಸದಿದ್ದರೆ ಆ ದಿನಗಳ ಸಂಬಳ ಕೊಡಬೇಕಾಗುತ್ತದೆ. ಅದು ನೋಟಿಸ್‌ನ ಮಾತು, ಸೆವೆರೆನ್ಸ್‌ನದ್ದಲ್ಲ. ಆದರೆ ನ್ಯೂಜೆರ್ಸಿ ರಾಜ್ಯ 2023ರ ಏಪ್ರಿಲ್‌ನಿಂದ, ದೊಡ್ಡ ಲೇಆಫ್‌ಗಳಲ್ಲಿ ವರ್ಷಕ್ಕೆ ಒಂದು ವಾರದ ಸಂಬಳ ಕೊಡಲೇಬೇಕು ಎಂದು ಮಾಡಿತು.

ಜರ್ಮನಿಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ನನ್ನ ಮುಖ್ಯ ಮಾತು ಅಲ್ಲಿ ಚೆನ್ನಾಗಿ ಕಾಣುತ್ತದೆ. ಅಲ್ಲಿ ಕೆಲಸ ಹೋದವರಿಗೆಲ್ಲ ಪರಿಹಾರ ಕೊಡಬೇಕು ಎಂಬ ಸಾಮಾನ್ಯ ನಿಯಮ ಇಲ್ಲ. ಆದರೆ ಕೆಲಸದಿಂದ ತೆಗೆದದ್ದು ತಪ್ಪು ಎಂದು ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವ ಹಕ್ಕು ಇದೆ. ನೌಕರ ಗೆದ್ದರೆ ಕಂಪನಿ ಅವರನ್ನು ವಾಪಸ್ ಕರೆದುಕೊಳ್ಳಬೇಕಾದೀತು, ಅಷ್ಟು ತಿಂಗಳ ಸಂಬಳವನ್ನೂ ಕೊಡಬೇಕಾದೀತು. ಆ ಭಯಕ್ಕೇ ಕಂಪನಿಗಳು ದುಡ್ಡು ಕೊಡಲು ಮುಂದೆ ಬರುತ್ತವೆ. ನೀನು ಕೇಸ್ ಹಾಕದಿದ್ದರೆ ಇಷ್ಟು ಕೊಡುತ್ತೇನೆ ಎಂದು ನೋಟಿಸ್‌ನಲ್ಲೇ ಬರೆಯಲು ಕಾನೂನು ಒಂದು ದಾರಿ ಮಾಡಿಕೊಟ್ಟಿದೆ, ವರ್ಷಕ್ಕೆ ಅರ್ಧ ತಿಂಗಳ ಸಂಬಳ ಎಂದು ಅದರ ಅಳತೆಯನ್ನೂ ಹೇಳಿದೆ. ನಮ್ಮ ಉದಾಹರಣೆಯವರಿಗೆ 4 ತಿಂಗಳು. ಮಾತುಕತೆ ಶುರುವಾಗುವುದು ಆ ಅಂಕಿಯಿಂದ. ಕಂಪನಿಯ ಕಾರಣ ದುರ್ಬಲವಾಗಿದ್ದಷ್ಟೂ ಅದು ಮೇಲಕ್ಕೆ ಹೋಗುತ್ತದೆ.

ಇದು ಜರ್ಮನಿಗೆ ಮಾತ್ರ ಸೇರಿದ್ದಲ್ಲ. ಕಾನೂನಿನ ಕನಿಷ್ಠಕ್ಕಿಂತ ಮೇಲೆ ಕಂಪನಿ ಕೊಡುವ ಹಣವೆಲ್ಲ ಮುಕ್ಕಾಲು ಪಾಲು ಇದೇ ಕಾರಣಕ್ಕೆ ಬರುತ್ತದೆ. ಕಂಪನಿ ಕೊಳ್ಳುತ್ತಿರುವುದು ಖಚಿತತೆಯನ್ನು. ಇವರು ನಾಳೆ ಕೇಸ್ ಹಾಕುವುದಿಲ್ಲ, ಒಳಗಿನ ವಿಷಯ ಹೊರಗೆ ಹೇಳುವುದಿಲ್ಲ, ಗಲಾಟೆ ಇಲ್ಲದೆ ಮುಗಿಯುತ್ತದೆ ಎಂಬ ಖಚಿತತೆ. ಉಳಿದ ಕಾಲು ಪಾಲಿಗೆ ಬೇರೆ ಕಾರಣಗಳಿವೆ. ಉಳಿದ ನೌಕರರು ಎಲ್ಲವನ್ನೂ ನೋಡುತ್ತಿರುತ್ತಾರೆ. ಹೋದವರನ್ನು ಕೆಟ್ಟದಾಗಿ ಕಳಿಸಿದರೆ ಇರುವವರಲ್ಲಿ ಒಳ್ಳೆಯವರು ತಾವಾಗಿಯೇ ಹೊರಡುತ್ತಾರೆ. ಮುಂದೆ ಹೊಸಬರನ್ನು ಸೇರಿಸಿಕೊಳ್ಳುವುದೂ ಕಷ್ಟ. ಮತ್ತೆ, ಇದನ್ನೂ ಹೇಳಬೇಕು, ಆ ಕೋಣೆಯಲ್ಲಿ ನಿಜವಾಗಿ ಮನಸ್ಸು ನೊಂದು "ಇನ್ನೆರಡು ವಾರ ಸೇರಿಸೋಣ" ಎಂದು ಹೋರಾಡುವವರೂ ಇರುತ್ತಾರೆ. ಅಂಥವರನ್ನು ನಾನು ನೋಡಿದ್ದೇನೆ. ಅವರು ಗೆದ್ದದ್ದೂ ಇದೆ.

ಈಗ ಆ ಕೋಣೆಯ ಒಳಗೆ ಹೋಗೋಣ. ಹೊರಗಿನವರು ಅಂದುಕೊಳ್ಳುವುದು ಏನೆಂದರೆ, ಒಬ್ಬೊಬ್ಬರಿಗೂ ಎಷ್ಟು ಕೊಡಬೇಕೆಂದು ಲೆಕ್ಕ ಹಾಕಿ, ಅದನ್ನು ಕೂಡಿಸಿ ಒಟ್ಟು ಖರ್ಚು ತೆಗೆಯುತ್ತಾರೆ ಎಂದು. ಬಹಳ ಸಲ ನಡೆಯುವುದು ಇದರ ತಿರುಗಾ ಮುರುಗಾ. ಮೊದಲು ಫೈನಾನ್ಸ್ ಒಂದು ಒಟ್ಟು ಮೊತ್ತ ಹೇಳುತ್ತದೆ. ಆ ಮೊತ್ತದೊಳಗೆ ಕೂರುವಂತೆ ಸೂತ್ರವನ್ನು ತಿದ್ದುತ್ತಾರೆ.

ಆ ಒಟ್ಟು ಮೊತ್ತ ಎಲ್ಲಿಂದ ಬರುತ್ತದೆ? ಸರಳ ಲೆಕ್ಕ. ಒಬ್ಬರಿಗೆ ಆರು ತಿಂಗಳ ಸಂಬಳ ಕೊಟ್ಟು ಕಳಿಸಿದರೆ ಕಂಪನಿಗೆ ಉಳಿತಾಯ ಶುರುವಾಗುವುದು ಏಳನೇ ತಿಂಗಳಿಂದ. ಈ ಹಣಕಾಸು ವರ್ಷದೊಳಗೇ ಉಳಿತಾಯ ಕಾಣಬೇಕು ಎಂದು ಆಡಳಿತ ಮಂಡಳಿ ಹೇಳಿದ್ದರೆ, ವರ್ಷದ ಮೊದಲಲ್ಲಿ ತೆಗೆಯುವಾಗ ಕೈ ಸ್ವಲ್ಪ ಸಡಿಲ ಇರುತ್ತದೆ, ಕೊನೆಯಲ್ಲಿ ಬಿಗಿ. ಇನ್ನೊಂದು ವಿಷಯ, ಷೇರು ಮಾರುಕಟ್ಟೆಯಲ್ಲಿರುವ ಕಂಪನಿ ಈ ಖರ್ಚನ್ನು ಒಂದು ಸಲದ ಖರ್ಚು ಎಂದು ಬೇರೆಯಾಗಿ ತೋರಿಸುತ್ತದೆ. ಹೂಡಿಕೆದಾರರು ಅದನ್ನು ಅಷ್ಟಾಗಿ ತಪ್ಪು ತಿಳಿಯುವುದಿಲ್ಲ. ಆದರೆ ಒಮ್ಮೆ ಹೇಳಿದ ಅಂಕಿ ಮತ್ತೆ ಬೆಳೆದರೆ ಪ್ರಶ್ನೆ ಬರುತ್ತದೆ. ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್ 2023ರ ಜನವರಿಯಲ್ಲಿ ಸುಮಾರು 12,000 ಜನರನ್ನು ತೆಗೆಯುವುದಾಗಿ ಹೇಳಿತು. ಸೆವೆರೆನ್ಸ್ ಮತ್ತು ಅದಕ್ಕೆ ಸೇರಿದ ಖರ್ಚು 190 ಕೋಟಿಯಿಂದ 230 ಕೋಟಿ ಡಾಲರ್ ಆಗಬಹುದು ಎಂದು ಅದಾದ ಕೆಲವೇ ದಿನಗಳಲ್ಲಿ ಹೂಡಿಕೆದಾರರಿಗೆ ತಿಳಿಸಿತು. ಹೀಗೆ ಹೊರಗೆ ಹೇಳಿಯಾದ ಮೇಲೆ ಸೂತ್ರ ಬದಲಾಯಿಸುವುದು ಬಹಳ ಕಷ್ಟ. ಘೋಷಣೆಯ ನಂತರ ಒಬ್ಬೊಬ್ಬರಾಗಿ ಹೋಗಿ "ನನಗೆ ಎರಡು ತಿಂಗಳು ಜಾಸ್ತಿ ಕೊಡಿ" ಎಂದರೆ ಸಿಗುವ ಉತ್ತರ ಸಾಮಾನ್ಯವಾಗಿ ಇಲ್ಲ ಎಂದೇ. ಎದುರಿಗೆ ಕೂತ ಎಚ್‌ಆರ್‌ಗೆ ಆ ಅಧಿಕಾರವೇ ಇರುವುದಿಲ್ಲ.

ಎರಡನೆಯ ಅಂಶ, ಬೇರೆಯವರು ಏನು ಕೊಟ್ಟರು ಎಂಬುದು. ಕಂಪನಿಗಳು ಇದನ್ನು ಬಹಳ ಗಮನಿಸುತ್ತವೆ. 2020ರ ಮೇ ತಿಂಗಳಲ್ಲಿ, ಪ್ರವಾಸಿಗರಿಗೆ ಮನೆ ಬಾಡಿಗೆಗೆ ಕೊಡಿಸುವ ಕಂಪನಿ ಏರ್‌ಬಿಎನ್‌ಬಿ ಸುಮಾರು 1,900 ಜನರನ್ನು ತೆಗೆದಾಗ ಅಮೆರಿಕದವರಿಗೆ 14 ವಾರದ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ ಒಂದು ವಾರ, ಒಂದು ವರ್ಷದ ಆರೋಗ್ಯ ವಿಮೆ ಕೊಟ್ಟಿತು. ಷೇರು ಸಿಗಲು ಒಂದು ವರ್ಷ ತುಂಬಿರಬೇಕು ಎಂಬ ಷರತ್ತನ್ನೂ ಬಿಟ್ಟಿತು. 2022ರ ನವೆಂಬರ್‌ನಲ್ಲಿ ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ 11,000ಕ್ಕೂ ಹೆಚ್ಚು ಜನರನ್ನು ಕಳಿಸಿದಾಗ 16 ವಾರ, ಜೊತೆಗೆ ವರ್ಷಕ್ಕೆ ಎರಡು ವಾರ, ಮೇಲ್ಮಿತಿ ಇಲ್ಲ ಎಂದಿತು. ಎರಡು ತಿಂಗಳ ನಂತರ ಗೂಗಲ್ ಅಮೆರಿಕದ ನೌಕರರಿಗೆ ಹೇಳಿದ ಸೂತ್ರ ನೋಡಿ: 16 ವಾರದಿಂದ ಶುರು, ವರ್ಷಕ್ಕೆ ಎರಡು ವಾರ. ಇದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ಒಬ್ಬರು ಇಟ್ಟ ಅಳತೆ ಆ ಉದ್ಯಮದ ಎಲ್ಲರ ಅಳತೆಯಾಗುತ್ತದೆ. ನಿಮ್ಮ ಕಂಪನಿ ಹಿಂದಿನ ಸಲ ಏನು ಕೊಟ್ಟಿತ್ತು ಎಂಬುದೂ ಹಾಗೆಯೇ. ಹೋದ ವರ್ಷ ಮೂರು ತಿಂಗಳು ಕೊಟ್ಟು ಈ ವರ್ಷ ಒಂದೇ ತಿಂಗಳು ಎಂದರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. ಎಲ್ಲರೂ ಒಟ್ಟಾಗಿ ಕೇಳಿದರೆ ಉತ್ತರವೂ ಬೇಗ ಬರುತ್ತದೆ.

ಸೂತ್ರದಲ್ಲಿ ಇರುವುದು ಮೂರು ಅಂಕಿ. ಎಲ್ಲರಿಗೂ ಸಿಗುವ ಮೂಲ ವಾರಗಳು, ವರ್ಷಕ್ಕೆ ಸೇರುವ ವಾರಗಳು, ಮತ್ತೆ ಇದ್ದರೆ ಒಂದು ಮೇಲ್ಮಿತಿ. 5 ವರ್ಷ ತುಂಬಿದವರಿಗೆ ಏರ್‌ಬಿಎನ್‌ಬಿಯ ಲೆಕ್ಕದಲ್ಲಿ 19 ವಾರ, ಮೆಟಾದ ಲೆಕ್ಕದಲ್ಲಿ 26 ವಾರ. ಮೂಲ ವಾರ ಜಾಸ್ತಿ ಇಟ್ಟರೆ ಹೊಸಬರಿಗೆ ಅನುಕೂಲ. ವರ್ಷದ ವಾರ ಜಾಸ್ತಿ ಇಟ್ಟರೆ ಹಳಬರಿಗೆ. ಮೇಲ್ಮಿತಿ ಹಾಕಿದರೆ ಹಳಬರಿಗೆ ನಷ್ಟ. ಇಲ್ಲಿ ಸ್ವಲ್ಪ ನಿಲ್ಲಬೇಕು. ವರ್ಷಕ್ಕೆ ಇಷ್ಟು ಎಂಬ ಲೆಕ್ಕ ಹಳಬರನ್ನು ತೆಗೆಯುವುದನ್ನು ದುಬಾರಿ ಮಾಡುತ್ತದೆ. ಒಂದು ರೀತಿಯಲ್ಲಿ ಅವರಿಗೆ ಅದು ರಕ್ಷಣೆ. 12 ವರ್ಷಕ್ಕೋ 20 ವರ್ಷಕ್ಕೋ ಮಿತಿ ಹಾಕಿದ ಕೂಡಲೇ ಆ ರಕ್ಷಣೆ ಅಲ್ಲಿಗೆ ನಿಲ್ಲುತ್ತದೆ. 25 ವರ್ಷ ದುಡಿದವರು 12 ವರ್ಷ ದುಡಿದವರಷ್ಟೇ ಅಗ್ಗವಾಗುತ್ತಾರೆ. ಬೇರೆ ಕೆಲಸ ಸಿಗುವುದು ಯಾರಿಗೆ ಹೆಚ್ಚು ಕಷ್ಟ? ವಯಸ್ಸಾದವರಿಗೇ ಅಲ್ವಾ? ಹೆಚ್ಚು ಬೇಕಾದವರ ಕಡೆಯೇ ಕತ್ತರಿ ಬೀಳುತ್ತದೆ. ಈ ಮೇಲ್ಮಿತಿ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಮೂರು ಅಂಕಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ಒಂದು ವಾರದ ಸಂಬಳ ಎಂದರೆ ಯಾವ ಸಂಬಳ? ತಿಂಗಳಿಗೆ ನಿಮಗೆ 100 ಸಿಗುತ್ತದೆ ಎಂದುಕೊಳ್ಳಿ. ಅದರಲ್ಲಿ ಬೇಸಿಕ್ 50, ಉಳಿದದ್ದು ಭತ್ಯೆಗಳು. ನಾಲ್ಕು ತಿಂಗಳ ಸೆವೆರೆನ್ಸ್ ಎಂದು ಪತ್ರದಲ್ಲಿ ಬರೆದಿದೆ. ಪೂರ್ತಿ ಸಂಬಳದ ಮೇಲೆ ಕೊಟ್ಟರೆ 400. ಬೇಸಿಕ್ ಮೇಲೆ ಕೊಟ್ಟರೆ 200. ಪತ್ರದ ಮೊದಲ ಪುಟದಲ್ಲಿ ತಿಂಗಳ ಸಂಖ್ಯೆ ದಪ್ಪ ಅಕ್ಷರದಲ್ಲಿ ಇರುತ್ತದೆ, ಯಾವ ಸಂಬಳ ಎಂಬುದು ಒಳಗೆಲ್ಲೋ ಇರುತ್ತದೆ. ಷೇರು ಮತ್ತು ಬೋನಸ್ ದೊಡ್ಡ ಪಾಲಾಗಿರುವ ಕೆಲಸಗಳಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ. ಅರ್ಧ ಆದಾಯ ಷೇರಿನಿಂದ ಬರುತ್ತಿದ್ದರೆ, ಬರೀ ಸಂಬಳದ ಮೇಲೆ ಲೆಕ್ಕ ಹಾಕಿದ ನಾಲ್ಕು ತಿಂಗಳು ನಿಮ್ಮ ನಿಜವಾದ ಆದಾಯದ ಎರಡು ತಿಂಗಳಿಗೆ ಸಮ. ವರ್ಷದ ಎಣಿಕೆಯನ್ನೂ ನೋಡಿ. 4 ವರ್ಷ 11 ತಿಂಗಳು ಆಗಿದ್ದರೆ 4 ಎಂದು ಹಿಡಿಯುತ್ತಾರಾ, 5 ಎಂದಾ, ತಿಂಗಳ ಲೆಕ್ಕದಲ್ಲಾ? ಭಾರತದ ಕಾನೂನಿನ ಪರಿಹಾರದಲ್ಲಿ ಆರು ತಿಂಗಳು ಮೀರಿದ ಭಾಗವನ್ನು ಪೂರ್ತಿ ವರ್ಷ ಎಂದೇ ಎಣಿಸಬೇಕು. ಕಂಪನಿಯ ಸ್ವಂತ ಸೂತ್ರದಲ್ಲಿ ಅವರು ಬರೆದದ್ದೇ ನಿಯಮ.

ದೊಡ್ಡ ಹುದ್ದೆಯವರ ಕಥೆ ಪೂರ್ತಿ ಬೇರೆ. ಅವರ ಸೆವೆರೆನ್ಸ್ ನಿರ್ಧಾರವಾಗುವುದು ಹೊರಡುವಾಗಲ್ಲ, ಸೇರುವಾಗ. ಕಂಪನಿ ಅವರನ್ನು ಬೇಕು ಬೇಕು ಎನ್ನುತ್ತಿರುವಾಗಲೇ, ತೆಗೆದರೆ ಎಷ್ಟು ಕೊಡಬೇಕು ಎಂದು ಒಪ್ಪಂದದಲ್ಲಿ ಬರೆಸಿಕೊಂಡಿರುತ್ತಾರೆ. ಅಮೆರಿಕದಲ್ಲಿ ಕಂಪನಿ ಕೈ ಬದಲಾದಾಗ ದೊಡ್ಡ ಅಧಿಕಾರಿಗೆ ಕೊಡುವ ಹಣ ಅವರ ಹಿಂದಿನ ವರ್ಷಗಳ ಸರಾಸರಿ ಆದಾಯದ ಮೂರು ಪಟ್ಟು ಮುಟ್ಟಿದರೆ ಶೇ 20ರಷ್ಟು ಹೆಚ್ಚುವರಿ ತೆರಿಗೆ ಬೀಳುತ್ತದೆ. ಅದಕ್ಕೇ ಎಷ್ಟೋ ಒಪ್ಪಂದಗಳಲ್ಲಿ 2.99 ಪಟ್ಟು ಎಂದು ಬರೆದಿರುತ್ತದೆ. ಸಾಮಾನ್ಯ ನೌಕರರು ಇದರಿಂದ ಕಲಿಯುವುದು ಇದೆ. ಹೊಸ ಕೆಲಸಕ್ಕೆ ಸೇರುವಾಗ ಸಂಬಳದ ಬಗ್ಗೆ ಮಾತಾಡುವಂತೆ ನೋಟಿಸ್ ಅವಧಿಯ ಬಗ್ಗೆಯೂ ಮಾತಾಡಿ. ಎರಡೂ ಕಡೆಗೆ ಮೂರು ತಿಂಗಳಾ, ನಿಮಗೆ ಮೂರು ಅವರಿಗೆ ಒಂದಾ? ಆಗ ಕೇಳಿದರೆ ತಿದ್ದುತ್ತಾರೆ. ಹೊರಡುವ ದಿನ ಕೇಳಿದರೆ ಆಗುವುದಿಲ್ಲ.

ಇನ್ನು ಸಹಿ. ಪತ್ರದ ಜೊತೆ ಒಂದು ಒಪ್ಪಂದ ಬರುತ್ತದೆ. ಕಂಪನಿಯ ಮೇಲೆ ಇದುವರೆಗಿನ ಯಾವ ಹಕ್ಕನ್ನೂ ನಾನು ಇನ್ನು ಮುಂದೆ ಕೇಳುವುದಿಲ್ಲ ಎಂದು ಅದರಲ್ಲಿ ಇರುತ್ತದೆ. ಸಹಿ ಹಾಕಿಸಿಕೊಳ್ಳಲು ಅವಸರ ಮಾಡುತ್ತಾರೆ. ಈ ಅವಸರಕ್ಕೆ ಕೆಲವು ಕಡೆ ಕಾನೂನೇ ತಡೆ ಹಾಕಿದೆ. ಅಮೆರಿಕದಲ್ಲಿ 1990ರ ಕಾಯ್ದೆಯ ಪ್ರಕಾರ, 40 ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನವರು ವಯಸ್ಸಿನ ಭೇದಭಾವದ ಬಗ್ಗೆ ಕೇಸ್ ಹಾಕುವ ಹಕ್ಕನ್ನು ಬಿಟ್ಟುಕೊಡಬೇಕಾದರೆ ಯೋಚಿಸಲು 21 ದಿನ ಕೊಡಬೇಕು. ಗುಂಪಾಗಿ ತೆಗೆಯುತ್ತಿದ್ದರೆ 45 ದಿನ. ಸಹಿ ಹಾಕಿದ ಮೇಲೂ 7 ದಿನದೊಳಗೆ ಹಿಂತೆಗೆದುಕೊಳ್ಳಬಹುದು. ಗುಂಪಿನ ಲೇಆಫ್‌ನಲ್ಲಿ ಯಾವ ಹುದ್ದೆಯ, ಯಾವ ವಯಸ್ಸಿನವರನ್ನು ತೆಗೆದರು, ಯಾರನ್ನು ಉಳಿಸಿಕೊಂಡರು ಎಂಬ ಪಟ್ಟಿಯನ್ನೂ ಕೊಡಬೇಕು. ಆ ಪಟ್ಟಿಯನ್ನು ಗಮನವಿಟ್ಟು ಓದಿ. ಬ್ರಿಟನ್‌ನಲ್ಲಿ ಇಂತಹ ಒಪ್ಪಂದ ಊರ್ಜಿತವಾಗಬೇಕಾದರೆ ನೌಕರ ಸ್ವತಂತ್ರ ಸಲಹೆಗಾರರ ಹತ್ತಿರ ಸಲಹೆ ಪಡೆದಿರಲೇಬೇಕು. ಆ ಖರ್ಚಿಗೆ ಕಂಪನಿಗಳೇ ಸಾಮಾನ್ಯವಾಗಿ ಸ್ವಲ್ಪ ಹಣ ಕೊಡುತ್ತವೆ.

ಕಾನೂನು ಇಷ್ಟು ಕೊಡದ ಕಡೆಯೂ ನೀವು ಸಮಯ ಕೇಳಬಹುದು. "ಓದಿ ನೋಡಬೇಕು, ಒಂದು ವಾರ ಬೇಕು" ಎಂದು ಮೇಲ್ ಬರೆಯಿರಿ. ಅಷ್ಟಕ್ಕೇ ಪ್ಯಾಕೇಜ್ ವಾಪಸ್ ತೆಗೆದುಕೊಂಡದ್ದನ್ನು ನಾನು ನೋಡಿಲ್ಲ. ಕಂಪನಿಗೆ ನಿಮ್ಮ ಸಹಿ ಬೇಕು.

ಸಹಿ ಹಾಕುವ ಕಾಗದ ರಾಜೀನಾಮೆಯಾಗಿದ್ದರೆ ಮಾತ್ರ ತುಂಬಾ ಹುಷಾರಾಗಿರಬೇಕು. "ರಾಜೀನಾಮೆ ಕೊಟ್ಟುಬಿಡಿ, ನಿಮ್ಮ ದಾಖಲೆ ಚೆನ್ನಾಗಿ ಕಾಣುತ್ತೆ" ಎನ್ನುತ್ತಾರೆ. ಕೇಳಲು ಒಳ್ಳೆಯದಾಗಿದೆ. ಆದರೆ ಕೆಲಸದಿಂದ ತೆಗೆದರೆ ಸಿಗುವ ಕಾನೂನಿನ ಪರಿಹಾರ, ತಾನಾಗಿಯೇ ಬಿಟ್ಟವರಿಗೆ ಸಿಗುವುದಿಲ್ಲ. ನಿರುದ್ಯೋಗ ಭತ್ಯೆ ಇರುವ ದೇಶಗಳಲ್ಲಿ ಅದಕ್ಕೂ ಕುತ್ತು. ಸಾಲಕ್ಕೆ ಅಥವಾ ಕೆಲಸ ಹೋಗುವುದಕ್ಕೆ ಇನ್ಶೂರೆನ್ಸ್ ಮಾಡಿಸಿದ್ದರೆ ಅದೂ ಬರುವುದಿಲ್ಲ. ಹುದ್ದೆ ರದ್ದಾದ ಕಾರಣ ಕೆಲಸದಿಂದ ಬಿಡುಗಡೆ ಎಂದು ರಿಲೀವಿಂಗ್ ಲೆಟರ್‌ನಲ್ಲಿ ಬರೆಸಿಕೊಂಡರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನೋಟಿಸ್ ಮತ್ತು ಸೆವೆರೆನ್ಸ್ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಗೊಂದಲ ಹೆಚ್ಚು ಆಗುವುದು ಅಲ್ಲೇ. ಈಗ ಎಷ್ಟೋ ಕಂಪನಿಗಳು ಸುದ್ದಿ ಹೇಳಿದ ದಿನವೇ ಲ್ಯಾಪ್‌ಟಾಪ್ ಬಂದ್ ಮಾಡುತ್ತವೆ. ಆದರೆ ಇನ್ನೂ ಎರಡು ತಿಂಗಳು ನೀವು ಕಾಗದದ ಮೇಲೆ ನೌಕರರೇ. ಕೆಲಸ ಇಲ್ಲ, ಸಂಬಳ ಬರುತ್ತದೆ. ಗೂಗಲ್ 2023ರಲ್ಲಿ ಅಮೆರಿಕದವರಿಗೆ ಕನಿಷ್ಠ 60 ದಿನದ ನೋಟಿಸ್ ಸಂಬಳ ಕೊಟ್ಟು, ಅದರ ಮೇಲೆ 16 ವಾರದ ಲೆಕ್ಕ ಶುರು ಮಾಡಿತು. ಇನ್ನು ಕೆಲವರು ನೋಟಿಸ್ ಅನ್ನೂ ಸೇರಿಸಿ ಒಂದೇ ಸಂಖ್ಯೆ ಹೇಳುತ್ತಾರೆ. ಎರಡೂ ಕಡೆ ಐದಾರು ತಿಂಗಳು ಎಂದೇ ಕೇಳಿಸುತ್ತದೆ. ಆದ್ದರಿಂದ ಕೇಳಲೇಬೇಕಾದ ಪ್ರಶ್ನೆ: "ನೋಟಿಸ್ ಇದರೊಳಗೆ ಸೇರಿದೆಯಾ, ಬೇರೆಯಾ?"

ಸೂತ್ರ ಬದಲಾಗುವುದಿಲ್ಲ ಎಂದೆ. ಹಾಗಾದರೆ ಏನನ್ನು ಕೇಳಬಹುದು? ದಿನಾಂಕವನ್ನು ಕೇಳಬಹುದು. ಕೊನೆಯ ದಿನಾಂಕ ಒಂದಷ್ಟು ಮುಂದೆ ಹೋದರೆ ಕೆಲವೊಮ್ಮೆ ಎರಡು ತಿಂಗಳ ಸಂಬಳಕ್ಕಿಂತ ದೊಡ್ಡ ಲಾಭ. ಷೇರು ವೆಸ್ಟ್ ಆಗಲು ಹತ್ತು ದಿನ ಉಳಿದಿರಬಹುದು. ಗ್ರಾಚ್ಯುಟಿಗೆ ಬೇಕಾದ ಸೇವೆ ತುಂಬಲು ಒಂದು ತಿಂಗಳು ಉಳಿದಿರಬಹುದು. ಹೆರಿಗೆಯೋ ಆಪರೇಷನ್ನೋ ಹತ್ತಿರ ಇದ್ದು, ವಿಮೆ ಅಲ್ಲಿಯವರೆಗೆ ಇರಬೇಕಾಗಿರಬಹುದು. ಅಮೆರಿಕದಲ್ಲಿ ಎಚ್-1ಬಿ ವೀಸಾದಲ್ಲಿರುವವರಿಗೆ ಕೆಲಸ ಮುಗಿದ ದಿನದಿಂದ ಗರಿಷ್ಠ 60 ದಿನ ಮಾತ್ರ ಸಮಯ. ಅಷ್ಟರೊಳಗೆ ಬೇರೆ ಕಂಪನಿ ಸಿಗಬೇಕು, ಇಲ್ಲವೇ ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು, ಇಲ್ಲವೇ ದೇಶ ಬಿಡಬೇಕು. ಅಂಥವರಿಗೆ ಒಟ್ಟಿಗೆ ಕೊಡುವ ಹಣಕ್ಕಿಂತ, ಅದೇ ಹಣವನ್ನು ಸಂಬಳದ ರೂಪದಲ್ಲಿ ಕೊಟ್ಟು ಕೊನೆಯ ದಿನಾಂಕ ಮುಂದೆ ಹಾಕುವುದು ಎಷ್ಟೋ ಉಪಕಾರ. ಕಂಪನಿಗೆ ಇದರಿಂದ ಆಗುವ ಖರ್ಚು ಕಡಿಮೆ. ಹಾಗಾಗಿ ಒಪ್ಪುವ ಸಾಧ್ಯತೆ ಜಾಸ್ತಿ.

ಸೇರುವಾಗ ಕೊಟ್ಟ ಜಾಯಿನಿಂಗ್ ಬೋನಸ್ ವಾಪಸ್ ಕೇಳಬಾರದು ಎಂದು ಬರೆಸಿಕೊಳ್ಳಿ. ನೀವು ಬಿಟ್ಟು ಹೋಗುತ್ತಿಲ್ಲ, ಅವರೇ ಕಳಿಸುತ್ತಿದ್ದಾರೆ. ಬೇರೆ ಕಂಪನಿಗೆ ಸೇರಬಾರದು ಎಂಬ ಷರತ್ತು ಇದ್ದರೆ ತೆಗೆಸಿ. ಕೆಲಸ ಕಿತ್ತುಕೊಂಡು, ಬೇರೆ ಕೆಲಸವನ್ನೂ ಮಾಡಬೇಡ ಎನ್ನುವುದು ಸರಿಯಲ್ಲ ಎಂದು ನೇರವಾಗಿ ಹೇಳಿ. ಈ ವರ್ಷ ದುಡಿದ ತಿಂಗಳುಗಳಿಗೆ ತಕ್ಕಷ್ಟು ಬೋನಸ್ ಕೇಳಿ.

ತೆರಿಗೆ ವಿಷಯ ಚಿಕ್ಕದಾಗಿ. ಬ್ರಿಟನ್‌ನಲ್ಲಿ ಕೆಲಸ ಹೋದದ್ದಕ್ಕೆ ಕೊಡುವ ಪರಿಹಾರದಲ್ಲಿ ಮೊದಲ 30,000 ಪೌಂಡ್‌ಗೆ ಆದಾಯ ತೆರಿಗೆ ಇಲ್ಲ, ಆದರೆ ನೋಟಿಸ್ ಸಂಬಳಕ್ಕೆ ಇದೆ. ಅಮೆರಿಕದಲ್ಲಿ ಇದು ಸಂಬಳವೇ ಎಂದು, ಸಾಮಾಜಿಕ ಭದ್ರತೆಯ ತೆರಿಗೆಯೂ ಬೀಳುತ್ತದೆ ಎಂದು 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಎಲ್ಲಿದ್ದರೂ ಒಂದೇ ಹೆಸರಿನಡಿ ಎಲ್ಲ ಹಣ ಹಾಕಿಸಿಕೊಳ್ಳಬೇಡಿ. ಯಾವುದು ಸಂಬಳ, ಯಾವುದು ರಜೆ, ಯಾವುದು ಪರಿಹಾರ ಎಂದು ಸಾಲು ಸಾಲಾಗಿ ಬರೆಸಿ.

ಕೊನೆಗೆ, ಒಂದು ಸಭೆಯಲ್ಲಿ ಒಬ್ಬರು ನನ್ನನ್ನು ಕೇಳಿದ ಪ್ರಶ್ನೆ. ಕಂಪನಿಯ ಹತ್ತಿರವೇ ದುಡ್ಡಿಲ್ಲ, ದಿವಾಳಿಯಾಗಿದೆ, ಆಗ ಏನು? ಆಗ ಸೂತ್ರ, ಔದಾರ್ಯ ಎಲ್ಲ ಮುಗಿಯಿತು. ಸಾಲ ಕೊಟ್ಟವರ ಸಾಲಿನಲ್ಲಿ ನೀವೂ ಒಬ್ಬರು. ಭಾರತದ 2016ರ ದಿವಾಳಿ ಸಂಹಿತೆಯಲ್ಲಿ, ಕಂಪನಿಯನ್ನು ಮುಚ್ಚಿ ಆಸ್ತಿ ಮಾರುವಾಗ, ಕಾರ್ಮಿಕರ 24 ತಿಂಗಳ ಬಾಕಿಗೆ ಅಡಮಾನ ಇಟ್ಟುಕೊಂಡ ಸಾಲದಾತರ ಸರಿಸಮ ಸ್ಥಾನ ಇದೆ. ಉಳಿದ ನೌಕರರ 12 ತಿಂಗಳ ಬಾಕಿ ಅದರ ನಂತರ. ಜರ್ಮನಿಯಲ್ಲಿ ದಿವಾಳಿಯ ಹಿಂದಿನ ಮೂರು ತಿಂಗಳ ಬಾಕಿ ಸಂಬಳವನ್ನು ಸರ್ಕಾರಿ ವ್ಯವಸ್ಥೆ ಕೊಡುತ್ತದೆ. ಬ್ರಿಟನ್‌ನಲ್ಲಿ ಕಾನೂನಿನ ಪರಿಹಾರವನ್ನು ನ್ಯಾಷನಲ್ ಇನ್ಶೂರೆನ್ಸ್ ನಿಧಿಯಿಂದ ಕೊಡುತ್ತಾರೆ, ಅರ್ಜಿ ಸಾಮಾನ್ಯವಾಗಿ 6 ತಿಂಗಳೊಳಗೆ ಹಾಕಬೇಕು. ಕಂಪನಿ ತನ್ನ ಮನಸ್ಸಿನಿಂದ ಕೊಡುತ್ತೇನೆ ಎಂದಿದ್ದ ಹೆಚ್ಚುವರಿ ಹಣ ಮಾತ್ರ ಬಹುತೇಕ ಹೋದಂತೆಯೇ. ಅದಕ್ಕೇ ಕಂಪನಿ ತತ್ತರಿಸುತ್ತಿರುವುದು ಕಂಡರೆ, ಕಂತಿನಲ್ಲಿ ಆರು ತಿಂಗಳಿಗಿಂತ ಈಗಲೇ ಒಟ್ಟಿಗೆ ಸಿಗುವ ನಾಲ್ಕು ತಿಂಗಳನ್ನು ನಾನು ಆರಿಸಿಕೊಳ್ಳುತ್ತೇನೆ.

ಬಾಕಿ ಕೇಳಲು ದಾಖಲೆ ಬೇಕು. ಆಫರ್ ಲೆಟರ್, ಸಂಬಳ ಏರಿಕೆಯ ಪತ್ರಗಳು, ಪೇ ಸ್ಲಿಪ್, ಉಳಿದ ರಜೆಯ ವಿವರ, ಷೇರಿನ ಒಪ್ಪಂದ, ಇವು ಎಲ್ಲರದ್ದೂ ಆಫೀಸಿನ ಮೇಲ್‌ನಲ್ಲೋ ಪೋರ್ಟಲ್‌ನಲ್ಲೋ ಇರುತ್ತವೆ. ಕಂಪನಿಯ ಗುಟ್ಟಿನ ಕಡತಗಳನ್ನು ಮುಟ್ಟಬೇಡಿ, ಅದು ನಿಮಗೇ ತೊಂದರೆ. ನಿಮ್ಮ ಸ್ವಂತ ಕೆಲಸದ ಈ ಕಾಗದಗಳನ್ನು ಮಾತ್ರ ಇವತ್ತೇ ಮನೆಗೆ ತೆಗೆದಿಡಿ. ಆ ಕಾಲ್ ಮುಗಿಯುವ ಹೊತ್ತಿಗೆ ಪಾಸ್‌ವರ್ಡ್ ಕೆಲಸ ಮಾಡದಿರಬಹುದು.